ಚಾರ್ಲಿಗೆ ಕಲಿಸಿದವರು ಯಾರು?

'777 ಚಾರ್ಲಿ' ಬಗ್ಗೆ ಬರೆದವರಲ್ಲಿ ಹೆಚ್ಚಿನವರು ತಾವು ಎಷ್ಟು ಅತ್ತೆವು ಅನ್ನೋದನ್ನೇ ಬರೆದರು. 2022ರ ಜೂನ್ 10ಕ್ಕೆ ಸಿನಿಮಾ ಬಿಡುಗಡೆಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಸಿನಿಮಾ ನೋಡಿ ಕಣ್ಣೊರೆಸಿಕೊಂಡದ್ದು ಸುದ್ದಿಯಾಯಿತು. ಮರುವರ್ಷ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಅಳಿಸುವ ಸಿನಿಮಾ ಅನ್ನೋದರಲ್ಲಿ ಎರಡು ಮಾತಿಲ್ಲ, ನನ್ನ ಕಣ್ಣೂ ಒದ್ದೆಯಾಗಿತ್ತು. ಆದರೆ ಅಳು ಒಣಗಿದ ಮೇಲೆ ಉಳಿದ ತಕರಾರೊಂದಿದೆ, ಅದನ್ನು ಯಾರೂ ಎತ್ತಿದ ಹಾಗೆ ಕಾಣಲಿಲ್ಲ. ನಾಯಿಯ ಮೇಲಿನ ಇಷ್ಟು ದೊಡ್ಡ ಸಿನಿಮಾದಲ್ಲಿ, ನಾಯಿ ಜೊತೆ ಬದುಕೋದಕ್ಕೆ ಬೇಕಾದ ದಿನನಿತ್ಯದ ಒಂದು ಕೆಲಸ ಹೆಚ್ಚುಕಡಿಮೆ ಮಾಯವಾಗಿದೆ. ಕಲಿಸುವ ಕೆಲಸ.

ನನ್ನ ಕಸುಬು ಅದೇ ಆದದ್ದರಿಂದ ಕಣ್ಣಿಗೆ ಬಿತ್ತು. ಶಿರಾಳಕೊಪ್ಪದ ನಮ್ಮ ಮನೆಯಲ್ಲಿ, ಹಿತ್ತಲು ಸೇರಿಸಿಕೊಂಡು, ಒಂದು ಸಲಕ್ಕೆ ಮೂರು ನಾಯಿಗಳನ್ನು ಇಟ್ಟುಕೊಳ್ಳುತ್ತೇನೆ. ಬೆಂಗಳೂರು, ಹುಬ್ಬಳ್ಳಿ, ಶಿವಮೊಗ್ಗದಿಂದ ಬರುತ್ತವೆ. ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಇಲ್ಲೇ ಉಂಡು, ಇಲ್ಲೇ ಮಲಗಿ, 'ಕಲಿತು' ವಾಪಸ್ ಹೋಗುತ್ತವೆ. ಈ ಧಂದೆಗೆ 'ಬೋರ್ಡ್ ಅಂಡ್ ಟ್ರೇನ್' ಅಂತ ಹೆಸರು. ಪಕ್ಕದ ಮನೆ ಅಜ್ಜಿ ಮೊದಲ ದಿನವೇ ಇದಕ್ಕೆ ಸರಿಯಾದ ಕನ್ನಡ ಹುಡುಕಿಕೊಟ್ಟರು. "ಅಲ್ಲೋ ತಮ್ಮಾ, ನಾಯಿಗೂ ಹಾಸ್ಟೆಲ್ ಮಾಡೀಯೇನೋ?"

ಹಾಸ್ಟೆಲ್ಲೇ. ಮಾತು ಕೇಳದ ಮಗನನ್ನು ಹಾಸ್ಟೆಲ್ಲಿಗೆ ಹಾಕಿದರೆ ಸರಿಹೋಗ್ತಾನೆ ಅಂತ ನಂಬುವ ಸಮಾಜ ನಮ್ಮದು. ಮಾತು ಕೇಳದ ನಾಯಿಯನ್ನು ಎಲ್ಲಾದರೂ ಕಳಿಸಿದರೆ ಸರಿಹೋಗುತ್ತೆ ಅಂತ ನಂಬೋದಕ್ಕೆ ಅಲ್ಲಿಂದ ಬಹಳ ದೂರ ಇಲ್ಲ. ಈ ನಂಬಿಕೆಗೆ ನೀರೆರೆಯುವುದು ರೀಲ್ಸ್ ಮಾತ್ರ ಅಂದುಕೊಂಡಿದ್ದೆ. ಚಾರ್ಲಿಯನ್ನು ಎರಡನೇ ಸಲ ನೋಡುವಾಗ ನಮ್ಮ ಕತೆಗಳೂ ಅದಕ್ಕೆ ಚೆನ್ನಾಗಿ ಗೊಬ್ಬರ ಹಾಕಿವೆ ಅನ್ನಿಸಿತು.

ಸಿನಿಮಾದ ಕತೆ ನಿಮಗೆ ಗೊತ್ತೇ ಇದೆ. ಚಿಕ್ಕವನಿದ್ದಾಗಲೇ ಮನೆಯವರನ್ನು ಕಳೆದುಕೊಂಡ ಧರ್ಮ ಮೈಸೂರಿನ ಒಂದು ಕಾಲೋನಿಯಲ್ಲಿ ಒಬ್ಬನೇ ಇರುತ್ತಾನೆ. ಕಾರ್ಖಾನೆ ಕೆಲಸ, ಇಡ್ಲಿ, ಬಿಯರು, ಸಿಗರೇಟು, ಟೀವಿಯಲ್ಲಿ ಚಾಪ್ಲಿನ್. ಕ್ರೂರಿ ಬ್ರೀಡರ್ ಒಬ್ಬನ ಕೈಯಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಇವನ ಬದುಕಿಗೆ ಬಂದು ಬೀಳುತ್ತದೆ. ಮನೆ ಕೆಡಿಸುತ್ತದೆ, ಸಾಮಾನು ಹರಿಯುತ್ತದೆ, ಇವನನ್ನು ಗೋಳು ಹೊಯ್ದುಕೊಳ್ಳುತ್ತದೆ. ಆಮೇಲೆ ಪ್ರೀತಿ ಹುಟ್ಟುತ್ತದೆ. ಆಮೇಲೆ ಕಾಯಿಲೆ. ಆಮೇಲೆ ಹಿಮ ತೋರಿಸೋದಕ್ಕೆ ಬೈಕಿನಲ್ಲಿ ಉತ್ತರಕ್ಕೆ ಪ್ರಯಾಣ. ನಿರ್ದೇಶಕ ಕಿರಣ್‌ರಾಜ್ ಕೆ. ಇದನ್ನೆಲ್ಲ ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದಾರೆ. ಒಂದೇ ರಕ್ತದ ನಾಯಿಗಳನ್ನು ಮತ್ತೆ ಮತ್ತೆ ಕೂಡಿಸಿ ಮರಿ ಮಾರುವ ದಂಧೆಯನ್ನು ಖಳನಾಯಕನ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಅವರಿಗೆ ಒಂದು ನಮಸ್ಕಾರ ಹೆಚ್ಚೇ ಹೇಳಬೇಕು. ಚಾರ್ಲಿಯ ಕಾಯಿಲೆಯ ಬೇರು ಅಲ್ಲಿದೆ ಅಂತ ಸಿನಿಮಾ ಸ್ಪಷ್ಟವಾಗಿ ಹೇಳುತ್ತದೆ. ಕನ್ನಡದ ಕಮರ್ಷಿಯಲ್ ಸಿನಿಮಾವೊಂದು ಇನ್‌ಬ್ರೀಡಿಂಗ್ ಬಗ್ಗೆ ಮಾತಾಡುತ್ತದೆ ಅಂತ ಹತ್ತು ವರ್ಷದ ಹಿಂದೆ ಹೇಳಿದ್ದರೆ ನಕ್ಕುಬಿಡ್ತಿದ್ದೆ.

ತಕರಾರು ಇರುವುದು ನಡುಭಾಗದಲ್ಲಿ. ಅಲ್ಲಿ ಬದಲಾಗುವುದು ಧರ್ಮನ ಮನಸ್ಸು. ಮೊದಲು ತೊಂದರೆಯಾಗಿದ್ದ ತುಂಟಾಟ ಈಗ ಮುದ್ದು ಅನ್ನಿಸುತ್ತದೆ, ಅಷ್ಟೆ. ಮನುಷ್ಯ ಕರಗಿದ ಕೂಡಲೇ ಸಮಸ್ಯೆಯೂ ಕರಗುತ್ತದೆ. ಒಂಟಿ ಗಂಡಸು ಕೆಲಸಕ್ಕೆ ಹೋದ ಎಂಟು ಗಂಟೆ ಆ ಹದಿಹರೆಯದ ಲ್ಯಾಬ್ರಡಾರ್ ಬಾಗಿಲ ಹಿಂದೆ ಏನು ಮಾಡುತ್ತಿತ್ತು? ಒಬ್ಬಳೇ ಇರೋದನ್ನು ಅದಕ್ಕೆ ಕಲಿಸಿದ್ದು ಯಾರು, ಹೇಗೆ? ಐದು ನಿಮಿಷ, ಹತ್ತು ನಿಮಿಷ, ಅರ್ಧ ಗಂಟೆ ಅಂತ ದಿನಾ ಏರಿಸುತ್ತಾ ಹೋಗಬೇಕಾದ ಬೇಜಾರಿನ ಕೆಲಸ ಅದು. ಹಾಡಿನ ನಡುವೆ ಹತ್ತು ಸೆಕೆಂಡು ತೋರಿಸಿದ್ದರೂ ಸಾಕಿತ್ತು.

ಇನ್ನೊಂದು ತಮಾಷೆ ನೋಡಿ. ಕನ್ನಡ ಸಿನಿಮಾದಲ್ಲಿ ಇಷ್ಟು ಮಾತು ಕೇಳದ ನಾಯಿ ಇನ್ನೊಂದು ಬಂದಿಲ್ಲ. ಆದರೆ ಆ ಪಾತ್ರ ಮಾಡಿದ ನಾಯಿಯಷ್ಟು ಮಾತು ಕೇಳಿದ ನಾಯಿಯೂ ಬಂದಿರಲಿಕ್ಕಿಲ್ಲ. ದಿಂಬು ಹರಿಯೋದೂ ಓಡಿಹೋಗೋದೂ ಮುಖ ತಿರುಗಿಸೋದೂ ಎಲ್ಲ ಹೇಳಿಕೊಟ್ಟು, ಹೇಳಿದಾಗ ಮಾಡಿಸಿದ್ದು. ಹಿಂದೆ ಟ್ರೇನರ್ ಪ್ರಮೋದ್ ಬಿ.ಸಿ. ಅವರ ವರ್ಷಗಟ್ಟಲೆಯ ಕೆಲಸ ಇದೆ. ಸಿನಿಮಾದ ನಾಯಿಗೆ ಅತಿ ಕಷ್ಟದ ಪಾಠ ಯಾವುದು ಗೊತ್ತಾ? ಸನ್ನೆ ಕೊಡುವವರು ಕ್ಯಾಮೆರಾ ಪಕ್ಕದಲ್ಲಿರುತ್ತಾರೆ, ಪ್ರೀತಿ ಕಾಣಬೇಕಾದದ್ದು ಹೀರೋ ಕಡೆಗೆ. ಆ ದೃಷ್ಟಿ, ಆ ತಲೆ ಓರೆ ಮಾಡುವ ಕ್ಷಣ, ಅದಕ್ಕೆಷ್ಟು ದಿನ ಹಿಡಿದಿರಬೇಕು ಅಂತ ನನಗೆ ಅಂದಾಜಿದೆ. ಚಾರ್ಲಿಯ ಕಣ್ಣಿನಲ್ಲಿ ನಾವು ಓದಿದ ಆತ್ಮದ ಒಂದು ಪಾಲು ತರಬೇತಿ. ಅದರಿಂದ ಸಿನಿಮಾದ ಬೆಲೆ ಕಡಿಮೆಯಾಗೋದಿಲ್ಲ, ನಟನೆ ಅಂದರೆ ಮನುಷ್ಯರದ್ದೂ ಇದೇ ತಾನೆ. ಆದರೆ ಅಷ್ಟು ಕೆಲಸ ಮಾಡಿ, ಕೆಲಸವೇ ಇಲ್ಲ ಅನ್ನುವಂಥ ಕತೆ ಹೇಳಿದರಲ್ಲ ಅಂತ.

ನಮ್ಮ ಹಳೆಯ ಕತೆಗಳೂ ಹೀಗೆಯೇ. ನಾಯಕನಿಗೆ ಧರ್ಮ ಅಂತ ಹೆಸರಿಟ್ಟು ಹಿಮಾಲಯದ ಕಡೆ ನಡೆಸಿದಾಗ ಮಹಾಪ್ರಸ್ಥಾನ ಯಾರಿಗೂ ನೆನಪಾಗದೆ ಇರೋದಿಲ್ಲ. ಅಲ್ಲಿ ನಾಯಿ ಧರ್ಮರಾಯನ ಹಿಂದೆ ತಾನಾಗಿ ಬಂತು, ಇಲ್ಲಿ ಧರ್ಮನೇ ನಾಯಿಯನ್ನು ಕರೆದುಕೊಂಡು ಹೋಗುತ್ತಾನೆ. ಚಂದದ ತಿರುವು. ಧರ್ಮರಾಯನ ಹಿಂದೆ ಬಂದ ನಾಯಿಗೆ ಯಾರೂ ಕಲಿಸಿರಲಿಲ್ಲ. ಕಲಿಸುವ ಅಗತ್ಯವೂ ಇರಲಿಲ್ಲ, ಅದು ಯಮಧರ್ಮ. ಸ್ವರ್ಗದ ಬಾಗಿಲಲ್ಲಿ ಅದನ್ನು ಬಿಡೋದಿಲ್ಲ ಅಂತ ಧರ್ಮರಾಯ ಹಠ ಹಿಡಿದದ್ದನ್ನು ನಾವೆಲ್ಲ ಬಾಯಿಪಾಠ ಮಾಡಿಕೊಂಡಿದ್ದೇವೆ. ಅದೇ ಮಹಾಭಾರತದಲ್ಲಿ ಪಾಂಡವರ ಜೊತೆ ಬೇಟೆಗೆ ಹೋದ ಇನ್ನೊಂದು ನಾಯಿ ಇದೆ. ಅದು ಏಕಲವ್ಯನನ್ನು ಕಂಡು ಬೊಗಳುತ್ತದೆ. ಅವನು ಏಳು ಬಾಣ ಬಿಟ್ಟು ಅದರ ಬಾಯಿ ತುಂಬಿಸುತ್ತಾನೆ. ಬಾಯಿ ಮುಚ್ಚಿದ ನಾಯಿ ವಾಪಸ್ ಬಂದಾಗ ಪಾಂಡವರು ಬೆರಗಾಗಿ ನೋಡಿದ್ದು ಬಿಲ್ಲುಗಾರನ ಕೈಚಳಕವನ್ನು. ಆಮೇಲೆ ಕತೆ ಹೆಬ್ಬೆರಳಿನ ಕಡೆ ಹೋಗುತ್ತದೆ, ಹೋಗಬೇಕಾದದ್ದೂ ನ್ಯಾಯವೇ. ಆ ನಾಯಿ ಏನಾಯಿತು ಅಂತ ಮಾತ್ರ ಯಾರೂ ಕೇಳಲಿಲ್ಲ.

ನನಗೆ ಆ ಪ್ರಸಂಗ ಈಗ ನೆನಪಾಗೋದು ಫೋನ್ ತೆರೆದಾಗಲೆಲ್ಲ. 'ಬಿಫೋರ್' ಅಂತ ಒಂದು ತುಣುಕು, ಅದರಲ್ಲಿ ಜರ್ಮನ್ ಶೆಫರ್ಡ್ ಒಂದು ಚೈನು ಎಳೆದಾಡುತ್ತಾ ಬೊಗಳುತ್ತಿರುತ್ತದೆ. 'ಆಫ್ಟರ್' ಅಂತ ಇನ್ನೊಂದು, ಅದೇ ನಾಯಿ ಟ್ರೇನರ್ ಕಾಲ ಬುಡದಲ್ಲಿ ಕಲ್ಲಿನ ಹಾಗೆ ಕೂತಿರುತ್ತದೆ. ಹದಿನೈದು ಸೆಕೆಂಡು. ಕೆಳಗೆ ಚಪ್ಪಾಳೆ. ನೋಡುವವರು ಕೂತಿರುವ ನಾಯಿಯನ್ನು ನೋಡುತ್ತಾರೆ, ನಾನು ಕಿವಿ ನೋಡುತ್ತೇನೆ. ಕಿವಿ ಹಿಂದಕ್ಕೆ ಅಂಟಿದೆಯಾ, ನಾಲಿಗೆ ಮೂಗು ಸವರುತ್ತಿದೆಯಾ, ಬಾಲ ಹೊಟ್ಟೆಯಡಿಗೆ ಹೋಗಿದೆಯಾ, ಕಣ್ಣಿನ ಬಿಳಿ ಕಾಣುತ್ತಿದೆಯಾ. ಹೆದರಿ ಮುದುಡಿದ ನಾಯಿಯೂ ಕೂರುತ್ತದೆ, ಅರ್ಥವಾಗಿ ನಿರಾಳವಾದ ನಾಯಿಯೂ ಕೂರುತ್ತದೆ. ಸ್ಕ್ರೀನಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ರೀಲ್ಸ್ ಕೂಡ ವಿಮರ್ಶೆ ಮಾಡಲೇಬೇಕಾದ ಪ್ರಕಾರ ಅಂತ ನನ್ನ ವಾದ. ಅಲ್ಲಿ ಎಡಿಟಿಂಗ್ ಇದೆ, ಹಿನ್ನೆಲೆ ಸಂಗೀತ ಇದೆ, ನಾಯಕ ಇದ್ದಾನೆ, ಕತ್ತರಿಸಿ ಬಿಸಾಕಿದ ಮೂರು ವಾರ ಇದೆ.

ಆ ಮೂರು ವಾರದಲ್ಲಿ ಏನಾಗುತ್ತದೆ? ಹೊಸ ಮನೆಗೆ ಬಂದ ನಾಯಿ ಮೊದಲ ಮೂರ್ನಾಲ್ಕು ದಿನ ತೀರಾ ಸಾಧು. ಬೊಗಳೋದಿಲ್ಲ, ಏರೋದಿಲ್ಲ, ಅರ್ಧ ಊಟ ಬಿಡುತ್ತದೆ. ವಿಡಿಯೊ ಕಳಿಸಿದರೆ "ಸರ್, ಆಗಲೇ ಚೇಂಜ್ ಆಗಿಬಿಟ್ಟಿದಾನೆ!" ಅಂತ ಹೃದಯದ ಚಿಹ್ನೆ ಬರುತ್ತದೆ. ಅದು ಚೇಂಜ್ ಅಲ್ಲ, ಗಾಬರಿ. ವಾರದ ಕೊನೆಗೆ ಹಿತ್ತಲು ತನ್ನದು ಅನ್ನಿಸಿದ ಮೇಲೆ ನಿಜವಾದ ನಾಯಿ ಹೊರಗೆ ಬರುತ್ತದೆ. ಚಪ್ಪಲಿ ಹೋಗುತ್ತದೆ, ಒಗೆದು ಹಾಕಿದ ಬಟ್ಟೆ ಹೋಗುತ್ತದೆ. ರಸ್ತೆಯಲ್ಲಿ ಒಣಹಾಕಿದ ಮೆಕ್ಕೆಜೋಳದ ಮೇಲೆ ಓಡಿ, ಅದನ್ನು ಕಾಯ್ತಾ ಕೂತವರ ಬಾಯಿಂದ ನನಗೆ ಮಂಗಳಾರತಿಯೂ ಆಗುತ್ತದೆ. ಪಾಠ ಶುರುವಾಗೋದು ಆಗ. ಬೇಯಿಸಿದ ಕೋಳಿ ಲಿವರಿನ ಚೂರು, ಐದೈದು ನಿಮಿಷದ ಪಾಠ, ದಿನಕ್ಕೆ ಏಳೆಂಟು ಸಲ. ನೋಡಲು ಯಾವ ರೋಮಾಂಚನವೂ ಇಲ್ಲ. ನಡುವೆ ಉಣುಗು ಆರಿಸುವ ಕೆಲಸ ಬೇರೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಅಂದರೆ ಇಲ್ಲಿ ಯಾರೂ ಹಗುರವಾಗಿ ತಗೊಳ್ಳೋದಿಲ್ಲ. ಬೇಸಿಗೆಯಲ್ಲಿ ನಾಯಿಗಳನ್ನು ಕಾಡಿನಂಚಿಗೆ ಒಯ್ಯೋದೇ ಇಲ್ಲ. "ಮಲೆನಾಡು ಅಲ್ವಾ ಸರ್, ಟ್ರೆಕ್ಕಿಂಗ್ ಕರ್ಕೊಂಡು ಹೋಗಿ" ಅನ್ನುವವರಿಗೆ ಇದನ್ನು ಪ್ರತಿ ಸಲ ವಿವರಿಸಬೇಕು.

ಹೊಡೆದು ಕಲಿಸಿದರೆ ಬೇಗ ಆಗುತ್ತದೆ. ಈ ಮಾತನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಕುತ್ತಿಗೆಗೆ ಮುಳ್ಳಿನ ಬೆಲ್ಟು, ಕರೆಂಟಿನ ಬೆಲ್ಟು, ಒಂದೆರಡು ಜಾಡಿಸಿದರೆ ಬೊಗಳೋದು ಸಂಜೆಯೊಳಗೆ ನಿಲ್ಲಬಹುದು. ನಿಂತದ್ದು ಬೊಗಳುವಿಕೆ, ಅದರ ಹಿಂದಿನ ಭಯ ಅಲ್ಲ. 2020ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು 92 ಸಾಕುನಾಯಿಗಳನ್ನು ಅವು ಕಲಿಯುತ್ತಿದ್ದ ತರಬೇತಿ ಶಾಲೆಗಳಲ್ಲೇ ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ಶಿಕ್ಷೆಯೇ ಮುಖ್ಯವಾದ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿದ್ದವು, ಪಾಠದ ನಂತರ ಎಂಜಲಿನಲ್ಲಿ ಕಾರ್ಟಿಸಾಲ್ ಏರಿತ್ತು. ಮರುವರ್ಷ ಅಮೆರಿಕದ ಪಶುವೈದ್ಯ ವರ್ತನಾತಜ್ಞರ ಸಂಘ ಎಲ್ಲ ನಾಯಿಗಳಿಗೂ ಬಹುಮಾನದ ವಿಧಾನವೇ ಸಾಕು ಅಂತ ಹೇಳಿಕೆ ಹೊರಡಿಸಿತು. ಆದರೂ ನನ್ನ ಬಳಿ ಬರುವ ಐಟಿ ಹುಡುಗರು "ನಾವು ಆಲ್ಫಾ ಅಂತ ತೋರಿಸ್ಬೇಕಲ್ವಾ ಸರ್" ಅಂತ ಶುರುಮಾಡುತ್ತಾರೆ. ಆಲ್ಫಾ ತೋಳದ ಕಲ್ಪನೆಯನ್ನು ತನ್ನ 1970ರ ಪುಸ್ತಕದಿಂದ ಜನಪ್ರಿಯಗೊಳಿಸಿದ ಡೇವಿಡ್ ಮೆಕ್ ಎಂಬ ವಿಜ್ಞಾನಿಯೇ, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅಮ್ಮ ಮಕ್ಕಳ ಸಂಸಾರ, ಆ ಪದ ಅಲ್ಲಿಗೆ ಹೊಂದೋದಿಲ್ಲ ಅಂತ 1999ರಲ್ಲಿ ಬರೆದ. ಸುದ್ದಿ ಇನ್ನೂ ವೈಟ್‌ಫೀಲ್ಡ್ ತಲುಪಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ನೋಡಿದರೆ ಇನ್ನೂ ವಿಚಿತ್ರ. ಮರಿ ಮಾರುವ ಬ್ರೀಡರುಗಳಿಗೆ 2017ರಲ್ಲಿ ಕೇಂದ್ರದ ನಿಯಮ ಬಂತು, ಪೆಟ್ ಶಾಪುಗಳಿಗೆ 2018ರಲ್ಲಿ. ಟಿಕೆಟ್ ಇಟ್ಟು ತೋರಿಸುವ ಪ್ರದರ್ಶನಕ್ಕೆ ಪ್ರಾಣಿಯನ್ನು ಪಳಗಿಸುವವರು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು. ಅಂದರೆ ಸಿನಿಮಾದಲ್ಲಿ ನಾಯಿಯನ್ನು ಕೂರಿಸೋದಕ್ಕೆ ಕಾಗದ ಪತ್ರ ಬೇಕು. ನಿಮ್ಮ ನಾಯಿಯನ್ನು ಒಂದು ತಿಂಗಳು ನನ್ನ ಮನೆಯಲ್ಲಿ ಬೀಗ ಹಾಕಿ ಕೂರಿಸೋದಕ್ಕೆ ಈವರೆಗೆ ಯಾರೂ ನನ್ನನ್ನು ಏನೂ ಕೇಳಿಲ್ಲ. ಹೊಡೆದದ್ದು ಸಾಬೀತಾದರೆ ಅದೇ ಕಾಯ್ದೆಯ 11ನೇ ಕಲಮಿನಲ್ಲಿ ಮೊದಲ ತಪ್ಪಿಗೆ ದಂಡ ಹತ್ತು ರೂಪಾಯಿಗೆ ಕಡಿಮೆ ಇಲ್ಲದೆ, ಐವತ್ತು ಮೀರದೆ. ಶಿರಾಳಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟ್ ಮಂಡಕ್ಕಿ ಮಿರ್ಚಿಯ ದುಡ್ಡು. ಸಾಕ್ಷಿ ಹೇಳಬೇಕಾದವನಿಗೆ ಮಾತು ಬರೋದಿಲ್ಲ ಬೇರೆ. ಹಾಗಾಗಿ ನಾಯಿ ಕಳಿಸುವವರಿಗೆ ನಾನೇ ಹೇಳುತ್ತೇನೆ: ಮೊದಲು ಬಂದು ಜಾಗ ನೋಡಿ, ಹೇಳದೆ ಬನ್ನಿ, ನಾಯಿ ಎಲ್ಲಿ ಮಲಗುತ್ತೆ ಅಂತ ನೋಡಿ, ನನ್ನ ಕೈ ಮೇಲೆದ್ದಾಗ ಇಲ್ಲಿರುವ ನಾಯಿಗಳು ಏನು ಮಾಡ್ತವೆ ಅಂತ ನೋಡಿ. ಹೀಗೆ ಬಂದು ನೋಡುವವರು ಹತ್ತಕ್ಕೆ ಇಬ್ಬರು. ಉಳಿದವರಿಗೆ ಲೊಕೇಶನ್ ಮತ್ತು ಪೇಮೆಂಟ್ ನಂಬರ್ ಸಾಕು.

ಮತ್ತೆ ಕತೆಗಳಿಗೆ ಬರ್ತೇನೆ. ಕನ್ನಡದಲ್ಲಿ ನಾಯಿಯನ್ನು ನಾಯಿಯಾಗಿ ಕಂಡ ಬರವಣಿಗೆ ಇಲ್ಲವೇ ಇಲ್ಲ ಅಂತಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇದೆಯಲ್ಲ, ಕ್ರಿ.ಶ. 949-50ರ ಕಾಲದ್ದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ನಾಯಿ ಹಂದಿಯ ಜೊತೆ ಹೋರಾಡಿ ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಮ್ಮ ಶಿಕಾರಿಪುರ, ಸೊರಬದ ಕಡೆ ಯಾವ ಊರಿಗೆ ಹೋದರೂ ಕೆರೆ ಏರಿ ಮೇಲೋ ಗುಡಿ ಹಿಂದೆಯೋ ವೀರಗಲ್ಲು ಕಾಣುವುದರಿಂದ, ಕಲ್ಲು ನೆಡಿಸಿಕೊಳ್ಳೋದು ಅಂದರೆ ಎಷ್ಟು ದೊಡ್ಡ ಗೌರವ ಅಂತ ನಮಗೆ ಹೇಳಿಕೊಡಬೇಕಿಲ್ಲ. ಆ ಗೌರವ ನಾಯಿಗೂ ಸಿಕ್ಕಿತು. ಆದರೆ ಇಲ್ಲೂ ಕಾಳಿಗೆ ಬೇಟೆ ಕಲಿಸಿದವನಿಗೆ ಕಲ್ಲಿಲ್ಲ. ಇದು ಬರೀ ಕುಲುಕಾಟ, ಬಿಡಿ.

ತೇಜಸ್ವಿಯವರ ಕಿವಿ ಬೇರೆ. 'ಕರ್ವಾಲೊ'ದಲ್ಲೂ 'ಪರಿಸರದ ಕತೆ'ಯಲ್ಲೂ ಓಡಾಡುವ ಆ ಸ್ಪ್ಯಾನಿಯಲ್ ನನಗೆ ಚಾರ್ಲಿಗಿಂತ ಹತ್ತಿರ. ತೇಜಸ್ವಿ ಅದನ್ನು ದೇವರೂ ಮಾಡಲಿಲ್ಲ, ಮಗುವೂ ಮಾಡಲಿಲ್ಲ. ಅದಕ್ಕೆ ಅದರದ್ದೇ ಮೂಗು, ಅದರದ್ದೇ ಅಜೆಂಡಾ. ಅದು ಯಾಕೆ ಹಾಗೆ ಮಾಡಿತು ಅಂತ ಮನುಷ್ಯ ಕೂತು ಯೋಚಿಸುತ್ತಾನೆ. ಕಲಿಸೋದಕ್ಕೆ ಮೊದಲು ಬೇಕಾದದ್ದು ಈ ಕುತೂಹಲ. ನಾಯಿ ಕಳಿಸುವ ಮುಂಚೆ ನಾನು ಒಂದು ಪಟ್ಟಿ ಕೇಳುತ್ತೇನೆ: ಯಾವಾಗ ಬೊಗಳುತ್ತೆ, ಯಾರಿಗೆ, ಬೊಗಳುವ ಮೊದಲು ಏನು ಮಾಡುತ್ತೆ. "ಸುಮ್ನೆ ಬೊಗಳುತ್ತೆ ಸರ್" ಅಂತಲೇ ಉತ್ತರ. ಸುಮ್ಮನೆ ಬೊಗಳುವ ನಾಯಿಯನ್ನು ನಾನಂತೂ ಈವರೆಗೆ ಕಂಡಿಲ್ಲ. ಲಿಫ್ಟಿನ ಬಾಗಿಲ ಸದ್ದು, ಡೆಲಿವರಿ ಹುಡುಗನ ಹೆಲ್ಮೆಟ್ಟು, ಸಂಜೆ ಆರಕ್ಕೆ ಎದುರು ಮನೆಯವರ ಕುಕ್ಕರು, ಏನೋ ಒಂದು ಇರುತ್ತದೆ. ಪ್ರೀತಿ ಬೇಕಾದಷ್ಟಿರುತ್ತದೆ ಅವರಲ್ಲಿ, ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸುವಷ್ಟು. ನೋಡುವ ಅಭ್ಯಾಸ ಇರೋದಿಲ್ಲ. 2022ರ ನಂತರ ನನ್ನ ಹಿತ್ತಲಿಗೆ ನಾಲ್ಕು ಚಾರ್ಲಿಗಳು ಬಂದಿವೆ, ಕಿವಿ ಅನ್ನುವ ಹೆಸರಿನದ್ದು ಒಂದೂ ಬಂದಿಲ್ಲ.

ನಾಯಿ ಕಲಿಯುವುದು ಜಾಗದ ಜೊತೆ, ಮನುಷ್ಯನ ಜೊತೆ, ಹೊತ್ತಿನ ಜೊತೆ. ನನ್ನ ಹಿತ್ತಲಿನಲ್ಲಿ, ನನ್ನ ದನಿಗೆ, ಹಲಸಿನ ಮರದ ಕೆಳಗೆ 'ಕೂತ್ಕೊ' ಅಂದರೆ ಕೂರುವ ನಾಯಿಗೆ ಎಚ್‌ಎಸ್‌ಆರ್ ಲೇಔಟಿನ ಏಳನೇ ಮಹಡಿಯಲ್ಲಿ ನಿಮ್ಮ ದನಿಯ 'ಸಿಟ್' ಹೊಸ ಮಾತು. ಅದು ಮರೆತದ್ದಲ್ಲ, ಅಲ್ಲಿ ಅದನ್ನು ಇನ್ನೂ ಕಲಿತೇ ಇಲ್ಲ. ಇದು ಗೊತ್ತಿಲ್ಲದವರು ವಾರದೊಳಗೆ ಫೋನ್ ಮಾಡುತ್ತಾರೆ: "ಸರ್, ಅಲ್ಲಿ ಮಾಡ್ತಿದ್ದ, ಇಲ್ಲಿ ಮಾಡ್ತಿಲ್ಲ. ಬೇಕಂತ ಮಾಡ್ತಿದಾನೆ."

ನಿಜಕ್ಕೂ ಕೆಲಸ ಆಗಲೇಬೇಕಾದ ಕಡೆ ಯಾರೂ ಪ್ರಾಣಿಯನ್ನು ಒಂಟಿಯಾಗಿ ತರಬೇತಿಗೆ ಕಳಿಸೋದಿಲ್ಲ ಅನ್ನೋದನ್ನು ಗಮನಿಸಿ. ಬಂಡೀಪುರದಲ್ಲಿ ಬೇಟೆಗಾರರ ಜಾಡು ಹಿಡಿದು ಹೆಸರಾದ ಜರ್ಮನ್ ಶೆಫರ್ಡ್ ರಾಣಾ ತರಬೇತಿ ಪಡೆದದ್ದು ಭೋಪಾಲದಲ್ಲಿ. ವನ್ಯಜೀವಿ ಅಪರಾಧ ಪತ್ತೆಯ ನಾಯಿಗಳ ಆ ತರಬೇತಿ ತಿಂಗಳುಗಟ್ಟಲೆ ನಡೆಯುತ್ತದೆ, ನಾಯಿಯ ಜೊತೆಗೆ ಅದನ್ನು ಮುಂದೆ ನೋಡಿಕೊಳ್ಳಬೇಕಾದ ಅರಣ್ಯ ಇಲಾಖೆಯ ಸಿಬ್ಬಂದಿಯೂ ಅಲ್ಲೇ ಇದ್ದು ಕಲಿಯುತ್ತಾರೆ. ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿ ಕೊಲೆ ಆರೋಪಿಯ ಜಾಗ ತೋರಿಸಿದಾಗ ಅವಳ ಹಿಂದೆ ಓಡಿದವನು ಅವಳ ಹ್ಯಾಂಡ್ಲರು, ದಿನಾ ಅವಳಿಗೆ ಊಟ ಹಾಕುವವನು. ಶಿವಮೊಗ್ಗ ಹತ್ತಿರದ ಸಕ್ರೆಬೈಲಿಗೆ ಹೋಗಿ ನೋಡಿ, ಆನೆ ಕಲಿತದ್ದು ಯಾರಿಂದಲೋ, ಏರಿ ಕೂತವನು ಯಾರೋ ಅಂತ ಇರೋದಿಲ್ಲ. ಮಾವುತ, ಕಾವಾಡಿ ಅದರ ಜೊತೆಗೇ ಬಾಳುತ್ತಾರೆ. ಅಷ್ಟು ದೂರ ಯಾಕೆ, ದೀಪಾವಳಿ ನಂತರ ನಮ್ಮ ಸುತ್ತಲಿನ ಊರುಗಳಲ್ಲಿ ಹೋರಿ ಹಬ್ಬ ಆಗುತ್ತದೆ. ಕೊಬ್ಬರಿ ಸರ ಕಟ್ಟಿಕೊಂಡು ಅಖಾಡದಲ್ಲಿ ಓಡುವ ಹೋರಿಯನ್ನು ವರ್ಷವಿಡೀ ಮೈ ತೊಳೆದು, ಹುರುಳಿ ತಿನ್ನಿಸಿ, ಓಡಿಸಿ ತಯಾರು ಮಾಡುವವರು ಮನೆಯವರೇ. "ಒಂದು ತಿಂಗಳು ನಿಮ್ಮಲ್ಲಿ ಕಟ್ಟಿ, ರೆಡಿ ಮಾಡಿ ಕೊಡಿ" ಅಂತ ಯಾರಾದರೂ ಹೇಳಿದರೆ ಊರಲ್ಲಿ ಮೂರು ದಿನ ನಗ್ತಾರೆ.

ಆ ನಗುವಿನ ಎದುರು ನನ್ನ ಬೋರ್ಡು ಇದೆ ಅನ್ನೋದು ನನಗೆ ಗೊತ್ತು. ಬೋರ್ಡ್ ಅಂಡ್ ಟ್ರೇನ್ ಪೂರ್ತಿ ಮೋಸ ಅಂತ ನಾನು ಹೇಳುತ್ತಿಲ್ಲ, ಹಾಗಿದ್ದರೆ ಈ ಕೆಲಸ ಮಾಡ್ತಿರಲಿಲ್ಲ. ಆಪರೇಷನ್ ಆಗಿ ಹಾಸಿಗೆ ಹಿಡಿದವರು, ಹೆರಿಗೆಗೆ ಹೋದವರು, ಕಚ್ಚುವ ನಾಯಿ ಮತ್ತು ಎರಡು ವರ್ಷದ ಮಗು ಒಂದೇ ಹಾಲಿನಲ್ಲಿರುವವರು, ಇವರಿಗೆ ನಾಯಿಯನ್ನು ಸ್ವಲ್ಪ ದಿನ ದೂರ ಇಡೋದೇ ಸರಿ. ಅನುಭವಿ ಕೈ ಮೊದಲ ಪಾಠಗಳನ್ನು ಬೇಗ, ಗೊಂದಲವಿಲ್ಲದೆ ಕೂರಿಸಬಲ್ಲದು. ಆದರೆ ಮೂರು ತಿಂಗಳ ಮರಿಯನ್ನು ಕಳಿಸ್ತೀವಿ ಅಂದರೆ ಬೇಡ ಅನ್ನುತ್ತೇನೆ. ಲೋಕ ಅಂದರೆ ಏನು, ಯಾರಿಗೆ ಹೆದರಬೇಕು, ಯಾರಿಗೆ ಹೆದರಬೇಕಿಲ್ಲ ಅಂತ ನಾಯಿ ತೀರ್ಮಾನಿಸುವ ಹೊತ್ತು ಹೆಚ್ಚುಕಡಿಮೆ ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ. ಆ ದಿನಗಳಲ್ಲಿ ಮರಿ ನೋಡಬೇಕಾದದ್ದು ನಿಮ್ಮ ಲಿಫ್ಟನ್ನು, ನಿಮ್ಮ ವಾಚ್‌ಮನ್ನನ್ನು, ನಿಮ್ಮ ಅಮ್ಮನ ಸೀರೆ ಸೆರಗನ್ನು. ನನ್ನ ಹಿತ್ತಲನ್ನಲ್ಲ.

ಕಲಿಸುವ ಕೆಲಸವನ್ನು ಬಿಟ್ಟು ಪ್ರೀತಿಯ ಕತೆ ಮಾತ್ರ ಹೇಳಿದರೆ ಆಗುವ ನಷ್ಟ ಯಾರದ್ದು ಅಂತ ಇಲ್ಲಿ ಕೂತು ನನಗೆ ಕಾಣುತ್ತದೆ. ಪ್ರೀತಿಸಿದೆವು, ಆದರೂ ನಾಯಿ ಚಾರ್ಲಿ ಆಗಲಿಲ್ಲ. ಟ್ರೇನಿಂಗಿಗೆ ಕಳಿಸಿದೆವು, ದುಡ್ಡು ಕೊಟ್ಟೆವು, ವಾಪಸ್ ಬಂದು ಹದಿನೈದು ದಿನಕ್ಕೆ ಮೊದಲಿನ ಹಾಗೇ ಆಯಿತು. ಅಂದಮೇಲೆ ದೋಷ ನಾಯಿಯದೇ ಅನ್ನುವ ಲೆಕ್ಕ ಬರುತ್ತದೆ. ಮುಂದಿನ ವಾಕ್ಯ ನನಗೆ ಬಾಯಿಪಾಠ. "ಊರಲ್ಲಿ ನಮ್ಮ ದೊಡ್ಡಪ್ಪನ ತೋಟ ಇದೆ ಸರ್, ಅಲ್ಲಿ ಆರಾಮಾಗಿರ್ತಾನೆ." ತೋಟದ ಮನೆಯಲ್ಲಿ ರಾತ್ರಿ ಅಂಗಳಕ್ಕೆ ಕಟ್ಟಿದ, ಚಿರತೆ ಅಂದರೇನು ಗೊತ್ತಿಲ್ಲದ ಲ್ಯಾಬ್ರಡಾರ್ ಎಷ್ಟು ದಿನ ಆರಾಮಾಗಿರುತ್ತದೆ ಅಂತ ಮಲೆನಾಡಿನವರನ್ನು ಕೇಳಿ. ಸಿನಿಮಾದಲ್ಲಿ ಚಾರ್ಲಿ ಸಾಯೋದು ಹಿಮ ನೋಡಿ, ಯಜಮಾನನ ಪ್ರೀತಿಯ ನಡುವೆ. ಈ ನಾಯಿಗಳ ಕೊನೆಯ ಬಗ್ಗೆ ಫೋನ್ ಬರೋದು ದೊಡ್ಡಪ್ಪನಿಂದ, ಅದೂ ಬೇರೆ ಏನೋ ಮಾತಿನ ಮಧ್ಯೆ.

ಅದಕ್ಕೇ ನನ್ನ ಕರಾರಿನಲ್ಲಿ ಒಂದು ಷರತ್ತು ಸೇರಿಸಿದ್ದೇನೆ. ನಾಯಿ ಇಲ್ಲಿರುವ ನಾಲ್ಕು ವಾರದಲ್ಲಿ ಮನೆಯವರು ಎರಡು ಭಾನುವಾರ ಶಿರಾಳಕೊಪ್ಪಕ್ಕೆ ಬರಬೇಕು, ದಿನವಿಡೀ ಇರಬೇಕು, ಲಿವರಿನ ಡಬ್ಬಿ ಅವರ ಕೈಯಲ್ಲಿರಬೇಕು. ನಾಯಿ ವಾಪಸ್ ಹೋದ ಮೇಲೆ ಮೂರು ಸಲ ನಾನೇ ಅವರ ಮನೆಗೆ ಹೋಗುತ್ತೇನೆ, ಬಸ್ ಚಾರ್ಜು ಅವರದ್ದು. ಈ ಷರತ್ತು ಓದಿ ಅರ್ಧಕ್ಕರ್ಧ ಜನ ಬೇರೆ ಕಡೆ ಹೋಗುತ್ತಾರೆ. ಬರುವವರಲ್ಲೂ ಮೊದಲ ಭಾನುವಾರದ ಹೆಚ್ಚಿನ ಹೊತ್ತು ಫೋಟೊದಲ್ಲಿ ಕಳೆಯುತ್ತದೆ. ಮಧ್ಯಾಹ್ನ ಊಟ ಆದಮೇಲೆ, ನಾಯಿ ಹತ್ತು ಸಲ ಮಾತು ಕೇಳದೆ, ಹನ್ನೊಂದನೇ ಸಲ ಅವರ ದನಿಗೇ ತಿರುಗಿ ಬಂದಾಗ ಫೋನ್ ಜೇಬಿಗೆ ಹೋಗುತ್ತದೆ. ಕಳೆದ ತಿಂಗಳು ಬಂದ ಹುಡುಗಿಯೊಬ್ಬಳು ಹಾಗೆ ಸಂಜೆಯವರೆಗೂ ಹಲಸಿನ ಮರದ ಕೆಳಗೆ ಕೂತು ತನ್ನ ಬೀಗಲ್ಲಿಗೆ ಒಂದೇ ಪಾಠ ಹೇಳಿಕೊಡುತ್ತಿದ್ದಳು. ಬೇಲಿಯಾಚೆಯಿಂದ ನೋಡುತ್ತಿದ್ದ ಅಜ್ಜಿ, "ಏನವ್ವಾ, ನೀನೂ ಹಾಸ್ಟೆಲ್ ಸೇರ್ಕಂಡ್ಯಾ?" ಅಂದರು. ಶಿವಮೊಗ್ಗದಿಂದ ರಾತ್ರಿ ರೈಲು ಹಿಡಿಯಬೇಕಿತ್ತು ಅವಳು. ಶಿಕಾರಿಪುರದ ಬಸ್ಸು ಎರಡು ಹೋದವು, ಮೂರನೆಯದಕ್ಕೆ ಹತ್ತಿದಳು.